ಕೇಳೋಣಪ್ಪನಿಗೆ ಬಂದ ಮರುದನಿ

ಕಚೇರಿಯಲ್ಲಿ ಆತನಿಗೆ ಬೇರೊಂದು ಹೆಸರಿತ್ತು. ಆದರೆ ಜೊತೆಗಾರರಿಗೂ ಬೀದಿಯವರಿಗೂ ಆತ ಕೇಳೋಣಪ್ಪ. ಕೋಪ ಬಂದಾಗ ಹೆಂಡತಿಗೂ ಕೇಳೋಣಪ್ಪನೇ. ಯಾವ ಯಂತ್ರ ಕೈಕೊಟ್ಟರೂ, ಯಾರು ಯಾರ ಮೇಲೆ ದೂರು ತಂದರೂ ಆತನ ಬಾಯಿಂದ ಮೊದಲು ಹೊರಡುತ್ತಿದ್ದ ಮಾತು ಒಂದೇ: "ತಡೀರಪ್ಪಾ, ಮೊದಲು ಅದನ್ನೇ ಕೇಳೋಣ." ಹೇಳಿ ಹೇಳಿ ಆ ಮಾತೇ ಹೆಸರಾಯಿತು. ತಾಳ್ಮೆಯೆಂಬುದು ಪರಮಾತ್ಮನು ಮನುಷ್ಯನಿಗೆ ಕೊಡುವ ವರವಾದರೆ ಅದು ಈತನಿಗೆ ಧಾರಾಳವಾಗಿಯೇ ದಕ್ಕಿತ್ತು. ಆದರೂ ಒಂದು ದಿನ ಕೇಳೋಣಪ್ಪ ಕೇಳದೆ ಹೋದ. ಆ ದಿನದ ಕಥೆಯನ್ನು ಆತನ ಮೇಲಿನ ಪ್ರೀತಿಯಿಂದಲೇ ಹೇಳಬೇಕು. ಪ್ರೀತಿಯಿಲ್ಲದ ಕಣ್ಣಿಗೆ ಎಡವಿದ ಕಾಲಷ್ಟೇ ಕಂಡು, ಎದ್ದು ನಿಂತ ಮನುಷ್ಯ ಕಾಣದೆ ಹೋಗುತ್ತಾನೆ.

ಆತ ದುಡಿದದ್ದು ದೊಡ್ಡ ಕಚೇರಿಯೊಂದರ ನೆಲಮಾಳಿಗೆಯಲ್ಲಿ. ಮೇಲಿನ ಮಹಡಿಗಳಲ್ಲಿ ಜನ ಬರೆದದ್ದೆಲ್ಲ ತಂತಿಗಳ ಮೂಲಕ ಇಳಿದು ಬಂದು ಅಲ್ಲಿನ ಡಿಸ್ಕುಗಳಲ್ಲಿ ನೆಲೆಸುತ್ತಿತ್ತು. ಕಿಟಕಿಯಿಲ್ಲದ ಕೋಣೆ, ಕಬ್ಬಿಣದ ಕಪಾಟುಗಳು, ಮಿಣುಕುವ ಹಸಿರು ದೀಪಗಳು. ಹೊರಗೆ ಬಿಸಿಲು ಧಗಧಗಿಸುತ್ತಿದ್ದರೂ ಒಳಗೆ ಸ್ವೆಟರ್ ಬೇಕು. ಬೇರೆಯವರಿಗೆ ತಲೆನೋವು ತರುತ್ತಿದ್ದ ಆ ಡಿಸ್ಕುಗಳ ಗುಂಯ್‌ಗುಟ್ಟುವಿಕೆ ಆತನಿಗೆ ಮಾತ್ರ, ಪ್ರಾರ್ಥನೆಗೆ ಕೂಡಿದ ಸಭೆ ಹಾಡಿಗೆ ಮುನ್ನ ಹಿಡಿಯುವ ಶ್ರುತಿಯಂತೆ ಕೇಳಿಸುತ್ತಿತ್ತು. ಅದರೊಂದಿಗೆ ದನಿಗೂಡಿಸಿ ಮೆಲ್ಲಗೆ ಹಾಡಿಕೊಳ್ಳುತ್ತಿದ್ದ. ಹಾಡು ಚೆನ್ನಾಗಿರಲಿಲ್ಲವೆಂದು ಕೇಳಿದವರೆಲ್ಲ ಹೇಳುತ್ತಾರೆ. ಭಕ್ತಿಗೆ ಕೊರತೆಯಿರಲಿಲ್ಲವೆಂದೂ ಹೇಳುತ್ತಾರೆ.

ಡಿಸ್ಕೊಂದು ಮಾತು ಕೇಳದಾದಾಗ ಅವಸರದವರು ನೇರವಾಗಿ ಅದರ ಒಡಲಿಗೇ ಕೈಹಾಕಿ ಬರಹವನ್ನು ಎಳೆಯಲು ನೋಡುತ್ತಾರೆ. ನಿತ್ರಾಣಗೊಂಡ ಡಿಸ್ಕು ಆ ಎಳೆದಾಟಕ್ಕೇ ಪ್ರಾಣ ಬಿಡುವುದುಂಟು. ಕೇಳೋಣಪ್ಪನ ರೀತಿ ಬೇರೆ. ಪ್ರತಿ ಡಿಸ್ಕಿನಲ್ಲೂ ಬಫರ್ ಎಂಬ ಪುಟ್ಟ ನೆನಪಿನ ಜಾಗವಿರುತ್ತದೆ. ಅದು ಮನೆಯ ಪಡಸಾಲೆಯ ಹಾಗೆ: ಒಳಗೆ ಹೋಗುವ ಬರಹವೂ ಹೊರಗೆ ಬರುವ ಬರಹವೂ ಅಲ್ಲಿ ಅರೆಗಳಿಗೆ ತಂಗಿ ಮುಂದೆ ಸಾಗುತ್ತದೆ. ಕಂಪ್ಯೂಟರಿನ ಕಪ್ಪು ಪರದೆಯಲ್ಲಿ ಒಂದು ಸಾಲಿನ ಆದೇಶ ಟೈಪು ಮಾಡಿದರೆ, ಒಳಮನೆಯ ಬಾಗಿಲು ತಟ್ಟದೆ ಪಡಸಾಲೆಯಲ್ಲಿ ಏನಿದೆಯೆಂದು ಇಣುಕಿ ನೋಡಬಹುದು. ಆದೇಶದ ತುದಿಯಲ್ಲಿ ಬರೆಯುವ ಅಂಕಿಯೊಂದು ಯಾವ ಮೂಲೆ ನೋಡಬೇಕೆಂಬುದನ್ನು ತಿಳಿಸುತ್ತದೆ. ಒಂದು ಅಂಕಿಗೆ ಡಿಸ್ಕಿನ ಬರಹದ ತುಣುಕುಗಳು ಕಾಣುತ್ತವೆ. ಇನ್ನೊಂದು ಅಂಕಿ ಮರುದನಿಯ ಮೂಲೆಗೆ. ಅಲ್ಲಿ ನಾವು ಏನು ಇಟ್ಟೆವೋ ಅದನ್ನೇ ಡಿಸ್ಕು ಹಿಂದಿರುಗಿಸುತ್ತದೆ. ನಡುವಿನ ತಂತಿ ನೆಟ್ಟಗಿದೆಯೇ ಎಂದು ನೋಡಲೆಂದೇ ಇರುವ ಏರ್ಪಾಡು ಅದು. ಕೇಳೋಣಪ್ಪ ಯಾವಾಗಲೂ "ದೇವರು ಒಳ್ಳೆಯವನು" ಎಂದು ಅಲ್ಲಿಗೆ ಬರೆದು ಕಳುಹಿಸುತ್ತಿದ್ದ. ಅದೇ ಮಾತು ಮರಳಿ ಬಂದರೆ "ಹೌದಪ್ಪಾ ಹೌದು" ಎಂದು ತಲೆದೂಗಿ ಮುಂದಿನ ಕೆಲಸಕ್ಕೆ ಇಳಿಯುತ್ತಿದ್ದ. ಇದಕ್ಕೆ ಆತ ಇಟ್ಟ ಹೆಸರು ಯೋಗಕ್ಷೇಮ ವಿಚಾರಣೆ.

ನಿವೃತ್ತನಾದಾಗ ಕಚೇರಿಯವರು ಮೂಲೆಗೆ ತಳ್ಳಿದ್ದ ಹಳೆಯ ಡಿಸ್ಕು ಪೆಟ್ಟಿಗೆಯೊಂದನ್ನು ಕೇಳಿ ಪಡೆದು, ಮಗುವನ್ನು ಹೊತ್ತು ತರುವಂತೆ ತಂದು ಸೊಸೆಯ ಕೆಲಸದ ಕೋಣೆಯಲ್ಲಿ ಇಟ್ಟ. ಮಗ ದೂರದೂರದ ದಾರಿಗಳಲ್ಲಿ ಲಾರಿ ಓಡಿಸುವವನು. ಮನೆಯಲ್ಲಿ ಹೆಚ್ಚಾಗಿ ಇರುವವರು ಕೇಳೋಣಪ್ಪ, ಆತನ ಹೆಂಡತಿ, ಈ ಸೊಸೆ. ಸೊಸೆಯದು ಕಸೂತಿಯ ಕೆಲಸ. ಕಾಗದದ ಮೇಲೆ ಬರೆದ ಚಿತ್ರವನ್ನು ಕಂಪ್ಯೂಟರಿಗೆ ಇಳಿಸಿ, ಯಾವ ಬಣ್ಣದ ದಾರ ಎಲ್ಲಿ ಚುಚ್ಚಿ ಎಲ್ಲಿ ಏಳಬೇಕೆಂದು ಹೊಲಿಗೆ ಹೊಲಿಗೆಯಾಗಿ ಗೊತ್ತುಮಾಡಿ, ಕಸೂತಿ ಯಂತ್ರಕ್ಕೆ ಒಪ್ಪಿಸುವಳು. ಕೈ ಎಷ್ಟು ಚುರುಕೋ ನಾಲಿಗೆಯೂ ಅಷ್ಟೇ ಚುರುಕು.

"ಮಾವ, ಇದು ಡಿಸ್ಕೋ, ಹಿಟ್ಟಿನ ಗಿರಣಿಯೋ? ಈ ಸದ್ದಿನಲ್ಲಿ ನನ್ನ ಯಂತ್ರ ಓಡ್ತಿದ್ಯೋ ನಿಂತಿದ್ಯೋ ಗೊತ್ತಾಗಲ್ಲ."

"ಹಾಗನ್ಬೇಡಮ್ಮ, ಕೇಳಿಸಿಕೊಂಡೀತು. ನಮ್ಮ ಕಚೇರಿಯ ಬೆನ್ನೆಲುಬು ಇದು. ನಿನ್ನ ಚಿತ್ರ ಎಲ್ಲಾ ಇದರ ಹೊಟ್ಟೇಲಿ ಹಾಕಿಡು. ಇದಕ್ಕೇನಾಗುತ್ತೆ?"

ಆಕೆ ಹಾಗೆಯೇ ಹಾಕಿಟ್ಟಳು. ಬೇರೊಂದು ಪ್ರತಿ ಮಾಡಿಕೊಳ್ಳಲಿಲ್ಲ. ಮಾವನ ಮಾತೇ ಇನ್ನೊಂದು ಪ್ರತಿಯಾಗಿತ್ತು.

ಆಸ್ಪತ್ರೆಯವರು ಮಕ್ಕಳ ಹೊಸ ವಾರ್ಡಿಗೆ ಪರದೆಗಳನ್ನು ಮಾಡಿಕೊಡಲು ಕೇಳಿದಾಗ ಸೊಸೆಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಹಾಸಿಗೆ ಹಾಸಿಗೆಗಳ ನಡುವೆ ಇಳಿಬಿಡುವ ಪರದೆಗಳು. ವಾರ್ಡಿನ ಹಿರಿಯ ಸಿಸ್ಟರ್ ಹೇಳಿದ್ದು ಇಷ್ಟೇ: "ಬಿಳಿ ಪರದೆ ಎಳೆದ ಕೂಡಲೇ ಮಕ್ಕಳು ಸೂಜಿ ಬಂತು ಅಂತ ಕಿರುಚ್ತಾವೆ ಕಣಮ್ಮ. ಅವು ನೋಡ್ತಾ ಕೂರೋ ಹಾಗೆ ಏನಾದ್ರೂ ಮಾಡು." ಆಕೆ ತಿಂಗಳುಗಟ್ಟಲೆ ಕೂತು ಆನೆ, ಆಮೆ, ಮೊಲ, ಗೂಬೆಗಳನ್ನು ಬರೆದಳು. ಆಮೆಯ ಚಿಪ್ಪಿನ ಒಂದೊಂದು ಚೌಕಕ್ಕೂ ಒಂದೊಂದು ಬಗೆಯ ಹೊಲಿಗೆ. ಆನೆಯ ಕಿವಿಯಲ್ಲಿ ಮಕ್ಕಳು ಬೆರಳಾಡಿಸಿದರೆ ತಿಳಿಯುವಂಥ ಉಬ್ಬು. ಬಟ್ಟೆ ಬಂತು, ದಾರ ಬಂತು, ವಾರ್ಡು ತೆರೆಯುವ ದಿನವೂ ಗೊತ್ತಾಯಿತು. ಹೊಲಿಯಲು ಕೂತ ಬೆಳಿಗ್ಗೆ ಡಿಸ್ಕು ಒಂದು ಚಿತ್ರವನ್ನೂ ಬಿಟ್ಟುಕೊಡಲಿಲ್ಲ.

"ಮಾವಾ!" ಎಂಬ ಕೂಗಿಗೆ ಕೇಳೋಣಪ್ಪ ಅರ್ಧ ಬೋಳಿಸಿದ ಗಡ್ಡದಲ್ಲೇ ಓಡಿಬಂದ.

"ಗಾಬರಿಯಾಗ್ಬೇಡ. ಮೊದಲು ಅದನ್ನೇ ಕೇಳೋಣ."

ಎಂದಿನಂತೆ ಆತ ಯೋಗಕ್ಷೇಮ ವಿಚಾರಣೆಗೆ ಕೂತ. ಸೊಸೆ ಬೆನ್ನ ಹಿಂದೆ ನಿಂತಳು. ಕಣ್ಣಲ್ಲಿ ನೀರಿದ್ದರೂ ಬಾಯಿ ಸುಮ್ಮನಿರದು.

"ದಿನಾ ದೇವರ ಹೆಸರು ಕಳಿಸಿ ಅದಕ್ಕೂ ಬೇಜಾರಾಗಿರ್ಬೇಕು ಮಾವ. ಇವತ್ತು ನನ್ನ ಪ್ರಾಣಿಗಳ ಹೆಸರು ಕಳಿಸಿ. ನೆನಪಾದ್ರೂ ಬರಲಿ."

ಆತ ನಕ್ಕು, ಮರುದನಿಯ ಮೂಲೆಗೆ ಆನೆ ಆಮೆ ಮೊಲ ಗೂಬೆ ಎಂದು ಬರೆದು ಕಳುಹಿಸಿದ. ನಾಲ್ಕೂ ಹೆಸರು ಹಾಗೆಯೇ ಮರಳಿದವು. ತಂತಿ ಸರಿಯಿದೆಯೆಂದು ತೀರ್ಮಾನವಾಯಿತು. ಡಿಸ್ಕಿನ ಒಳಗೇ ಏನೋ ಆಗಿರಬೇಕೆಂದು ಮಧ್ಯಾಹ್ನದವರೆಗೆ ಹಲವು ರೀತಿಯಲ್ಲಿ ಒತ್ತಿ ತಟ್ಟಿ ನೋಡಿದ. ಏನೂ ಸಿಗಲಿಲ್ಲ.

ಊಟ ಮುಗಿಸಿ ಬಂದವನಿಗೆ, ಬರಹದ ತುಣುಕುಗಳು ತಂಗುವ ಮೂಲೆಯನ್ನೊಮ್ಮೆ ನೋಡುವುದು ಉಳಿದಿದೆಯೆಂದು ಹೊಳೆಯಿತು. ಆ ಆದೇಶವನ್ನು ಹೊಸದಾಗಿ ಟೈಪು ಮಾಡುವ ಬದಲು, ಹಳೆಯ ಆದೇಶಗಳನ್ನು ಮರಳಿ ಕರೆಯುವ ಗುಂಡಿಯನ್ನು ಒತ್ತಿ ಒತ್ತಿ, ಮೇಲಕ್ಕೆ ಬಂದ ಸಾಲನ್ನು ಇದೇ ಇರಬೇಕೆಂದು ನಡೆಸಿಬಿಟ್ಟ. ಕನ್ನಡಕ ಹಣೆಯ ಮೇಲಿತ್ತು. ಸಾಲಿನ ತುದಿಯಲ್ಲಿದ್ದದ್ದು ಮರುದನಿಯ ಮೂಲೆಯ ಅಂಕಿ. ಪರದೆಯ ಬಲಬದಿಯಲ್ಲಿ ಅಕ್ಷರಗಳು ಮೂಡಿದವು: ಆನೆ, ಆಮೆ, ಮೊಲ, ಗೂಬೆ.

"ಬಂತು! ಲೇ, ಬಾರೇ ಇಲ್ಲಿ, ಇಬ್ಬರೂ ಬನ್ನಿ! ಚಿತ್ರಗಳು ಒಳಗೇ ಇವೆ, ಹೆಸರು ಹೇಳ್ತಾ ಇದೆ ನೋಡಿ!"

ಹೆಂಡತಿ ಒದ್ದೆ ಕೈಯಲ್ಲೇ ಬಂದಳು. ಸೊಸೆ ಪರದೆಯನ್ನು ದಿಟ್ಟಿಸಿ ನೋಡಿ ಅನುಮಾನಿಸುತ್ತ ಕೇಳಿದಳು: "ಮಾವ, ಇದು ಬೆಳಿಗ್ಗೆ ನಾವೇ ಬರೆದು ಕಳಿಸಿದ್ದಲ್ವಾ?"

"ಅಯ್ಯೋ, ಅದು ಬೇರೆ ಮೂಲೆ, ಇದು ಬೇರೆ ಮೂಲೆ. ಇಷ್ಟು ವರ್ಷ ಇದೇ ಕೆಲಸ ಮಾಡಿದೀನಿ, ನನಗೆ ಗೊತ್ತಿಲ್ವಾ? ಆ ಸಿಸ್ಟರ್‌ಗೆ ಫೋನ್ ಮಾಡಿ ಹೇಳು, ಪ್ರಾಣಿಗಳು ಬರ್ತಾ ಇವೆ ಅಂತ."

ಡಿಸ್ಕು ಕೈಕೊಟ್ಟ ಸುದ್ದಿಯನ್ನು ಬೆಳಿಗ್ಗೆಯೇ ಸೊಸೆಯಿಂದ ಕೇಳಿದ್ದ ಸಿಸ್ಟರ್ ಅಂದು ಉತ್ತರಕ್ಕಾಗಿ ಕಾದಿದ್ದಳು. ಚಿತ್ರಗಳು ಸಿಗದಿದ್ದರೆ ಸಾದಾ ನೀಲಿ ಬಟ್ಟೆಯನ್ನಾದರೂ ತರಿಸಬೇಕು. ಅಂಗಡಿಯವನು ಸಂಜೆಯವರೆಗೆ ತೆಗೆದಿಡಲು ಒಪ್ಪಿದ್ದ. ಸೊಸೆಯ ಮಾತು ಕೇಳಿ ಆಕೆ ನೀಲಿ ಬಟ್ಟೆ ಬೇಡವೆಂದು ಹೇಳಿ ಕಳುಹಿಸಿದಳು. ಚಿತ್ರಗಳನ್ನು ಮತ್ತೆ ಬರೆಯಲೆಂದು ಮೇಜಿನ ಮೇಲೆ ಹರಡಿಕೊಂಡಿದ್ದ ಕಾಗದಗಳನ್ನು ಸೊಸೆಯೂ ಸುತ್ತಿ ಮೇಲಿಟ್ಟಳು.

ಮರುದಿನ ಬೆಳಿಗ್ಗೆ ಪ್ರಾರ್ಥನೆ ಮುಗಿಸಿ, ರಾತ್ರಿ ಆರಿಸಿದ್ದ ಪೆಟ್ಟಿಗೆಯ ಸ್ವಿಚ್ಚನ್ನು ಉಲ್ಲಾಸದಿಂದಲೇ ಹಾಕಿ, ಅದೇ ಆದೇಶವನ್ನು ಮತ್ತೆ ನಡೆಸಿದ. ಡಿಸ್ಕು ನಿರಾಕರಿಸಿತು. ನೀನು ಏನನ್ನೂ ಇಟ್ಟಿಲ್ಲ, ನಾನು ಏನನ್ನು ಹಿಂದಿರುಗಿಸಲಿ ಎಂಬುದು ಆ ನಿರಾಕರಣೆಯ ಅರ್ಥ. ವಿದ್ಯುತ್ತು ನಿಂತು ಬಂದ ಮೇಲೆ ಮರುದನಿಯ ಮೂಲೆ ಬರಿದಾಗಿರುತ್ತದೆ. ಇದು ಆತನಿಗೆ ತನ್ನ ಬೆರಳುಗಳಷ್ಟೇ ಪರಿಚಿತವಾದ ಸಂಗತಿ. ಮೆಲ್ಲನೆ ಕನ್ನಡಕವನ್ನು ಕಣ್ಣಿಗೆ ಇಳಿಸಿ ಸಾಲಿನ ತುದಿಯ ಅಂಕಿಯನ್ನು ಓದಿದ. ಅದು ಮರುದನಿಯ ಮೂಲೆಯದು.

ಚಹಾ ತಂದ ಹೆಂಡತಿ ಬಾಗಿಲಲ್ಲೇ ನಿಂತಳು. "ಏನ್ರೀ, ದೆವ್ವ ಕಂಡವರ ಹಾಗೆ ಕೂತಿದೀರಿ?"

"ನಾನು ಹೇಳಿದ್ದನ್ನೇ ಅದು ನನಗೆ ತಿರುಗಿ ಹೇಳಿದ್ದು ಕಣೇ. ಅದರ ಮಾತಲ್ಲ ಅದು, ನನ್ನದೇ. ಚಿತ್ರ ಇದ್ಯೋ ಇಲ್ವೋ, ಆ ದೇವರೇ ಬಲ್ಲ."

"ಅವಳಿಗೆ ಹೇಳಿದ್ರಾ?"

"ಮಧ್ಯಾಹ್ನದ ತನಕ ಪ್ರಯತ್ನ ಮಾಡ್ತೀನಿ. ಅಷ್ಟರಲ್ಲಿ ಸಿಕ್ಕಿಬಿಟ್ರೆ ಹೇಳೋ ಅಗತ್ಯವೇ ಇರಲ್ಲ."

"ಸಿಗದಿದ್ರೆ? ಅಷ್ಟು ಹೊತ್ತಿಗೆ ಅವಳು ಒಂದು ಆಮೆನಾದ್ರೂ ಬರೆದು ಮುಗಿಸಿರ್ತಿದ್ಲು." ಹೆಂಡತಿ ಲೋಟವನ್ನು ಮೇಜಿನ ಮೇಲಿಟ್ಟಳು. "ಚಹಾ ಆರಿದ್ರೂ ಪರವಾಗಿಲ್ಲ, ಹೋಗಿ ಹೇಳಿ."

ನಮ್ಮ ಪ್ರಾರ್ಥನೆಗಳಲ್ಲೂ ಹೀಗಾಗುವುದನ್ನು ಯಾರು ಅರಿಯರು? ನಮಗೆ ಬೇಕಾದದ್ದನ್ನು ಮೊರೆಯಿಡುತ್ತೇವೆ. ನಮ್ಮ ದನಿಯೇ ಗೋಡೆಗೆ ಬಡಿದು ಮರಳುತ್ತದೆ. ದೇವರು ಒಪ್ಪಿದನೆಂದು ಸಂಭ್ರಮಪಟ್ಟು ಬೀದಿಗೆಲ್ಲ ಸಾರುತ್ತೇವೆ. ಆ ಕರುಣಾಳು ಅದಕ್ಕೆ ಸಿಟ್ಟಾಗುವುದಿಲ್ಲ. ದನಿ ಅಡಗಿದ ಮೇಲೆ ಉಳಿಯುವ ನಿಶ್ಶಬ್ದದಲ್ಲಿ ನಮ್ಮನ್ನು ಸ್ವಲ್ಪ ಹೊತ್ತು ಕೂರಿಸುತ್ತಾನೆ. ಕೇಳೋಣಪ್ಪನೂ ಅಷ್ಟು ಹೊತ್ತು ಕೂತ. ಆಮೇಲೆ ಎದ್ದು, ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದ ಸೊಸೆಯ ಮುಂದೆ ಹೋಗಿ ನಿಂತು, ಒಂದಕ್ಷರವನ್ನೂ ಬಿಡದೆ ಹೇಳಿದ.

ಆಕೆ ಕೈಯಲ್ಲಿದ್ದ ಅಂಗಿಯನ್ನು ಕೊಡವಿ, ತಂತಿಯ ಮೇಲೆ ಹಾಕಿ, ಕ್ಲಿಪ್ಪು ಸಿಕ್ಕಿಸಿದಳು.

"ನಾನು ಕೇಳಿದ್ದೆ ಮಾವ. ಬೆಳಿಗ್ಗೆ ನಾವೇ ಬರೆದದ್ದಲ್ವಾ ಅಂತ."

"ಕೇಳಿದ್ದೆ ತಾಯಿ. ನಾನೇ ಕಿವಿಗೆ ಹಾಕಿಕೊಳ್ಳಲಿಲ್ಲ."

"ಊರಿನ ಡಿಸ್ಕುಗಳನ್ನೆಲ್ಲ ಕೂರಿಸಿಕೊಂಡು ವಿಚಾರಿಸ್ತೀರಿ. ಮನೇಲಿರೋ ಸೊಸೆ..." ಮಾತು ಅಲ್ಲಿಗೇ ನಿಂತಿತು. ಮುಖ ತಿರುಗಿಸಿ ಒಳಗೆ ಹೋಗಿ, ಮೇಲಿಟ್ಟಿದ್ದ ಕಾಗದಗಳನ್ನು ಇಳಿಸಿ ಆಮೆಯ ಚಿಪ್ಪನ್ನು ಮೊದಲಿನಿಂದ ಗೀಚತೊಡಗಿದಳು. ಪೆನ್ಸಿಲಿನ ಮೊನೆ ಮುರಿಯಿತು. ಕೆತ್ತಿದಳು; ಮತ್ತೆ ಮುರಿಯಿತು.

ಸಿಸ್ಟರ್‌ಗೆ ಫೋನ್ ಮಾಡಿದವನು ಕೇಳೋಣಪ್ಪನೇ. ತಪ್ಪು ತನ್ನದು, ಸೊಸೆಯದಲ್ಲ ಎಂಬುದನ್ನು ಮೊದಲು ಹೇಳಿ, ಉಳಿದದ್ದನ್ನು ಆಮೇಲೆ ಹೇಳಿದ. ಆ ಕಡೆಯಿಂದ ಒಂದು ನಿಟ್ಟುಸಿರು.

"ಯಜಮಾನ್ರೇ, ಆ ನೀಲಿ ಬಟ್ಟೆ ಬೇರೆಯವರ ಪಾಲಾಯ್ತು. ಇನ್ನು ನಿಮ್ಮ ಆನೆ ಬರ್ಬೇಕು, ಇಲ್ಲಾ ಅದೇ ಹಳೇ ಬಿಳಿ ಪರದೆ. ಮಕ್ಕಳು ಕಿರುಚಿದ್ರೆ ನಿಮ್ಮನ್ನೇ ಕರೆಸ್ತೀನಿ, ಸಮಾಧಾನ ಮಾಡೋಕೆ."

ಫೋನು ಇಟ್ಟು ಆತ ಕೆಲಸದ ಕೋಣೆಗೆ ಬಂದ. ಕಂಪ್ಯೂಟರಿನ ಮುಂದೆ ಕೂರಲಿಲ್ಲ. ಸೊಸೆಯ ಮೇಜಿನ ಪಕ್ಕದಲ್ಲಿದ್ದ ಸ್ಟೂಲನ್ನು ಎಳೆದುಕೊಂಡು ಕೂತ.

"ಅಮ್ಮಾ, ನಿನ್ನೆ ಡಿಸ್ಕನ್ನ ಕೇಳಿದೆ, ನಿನ್ನನ್ನ ಕೇಳಲೇ ಇಲ್ಲ. ಬೈಯೋದಿದ್ರೆ ಬೈದುಬಿಟ್ಟು ಹೇಳು. ಇದು ಯಾವತ್ತಿಂದ ತರಲೆ ಮಾಡ್ತಿದೆ? ಮೊದಲು ಏನಾಯ್ತು?"

ಆಕೆ ತಲೆಯೆತ್ತಲಿಲ್ಲ. ಆದರೆ ಉತ್ತರ ಬಂತು.

"ಒಂದೇ ಸಲ ನಿಂತಿದ್ದಲ್ಲ. ಹೋದ ವಾರದಿಂದಲೇ ಹಾಗೆ. ಮೊಲದ ಚಿತ್ರ ತೆರೀತಿತ್ತು, ಅದು ಚಿಕ್ಕದು. ಆನೆ ಅರ್ಧಕ್ಕೇ ನಿಂತುಬಿಡ್ತಿತ್ತು. ನಿನ್ನೆಯಿಂದ ಯಾವುದೂ ಇಲ್ಲ."

"ಚಿಕ್ಕದು ಬರ್ತಿತ್ತು, ದೊಡ್ಡದು ಬರ್ತಿರಲಿಲ್ಲ?"

"ಹ್ಞೂಂ. ನೀವು ದಾರದ ಕಪಾಟನ್ನ ಗೋಡೆಗೆ ಒತ್ತಿ ಇಟ್ರಲ್ಲ, ಕೋಣೆ ಅಗಲ ಕಾಣ್ಲಿ ಅಂತ. ಅದಾದ ಮೇಲೇನೇ."

ಕೇಳೋಣಪ್ಪ ಸ್ಟೂಲಿನಿಂದ ಎದ್ದ ರಭಸಕ್ಕೆ ಅದು ಉರುಳಿತು. ತಂತಿ ಸರಿಯಿದೆಯೆಂದು ನಿನ್ನೆ ತೀರ್ಮಾನಿಸಿದ್ದು ನಾಲ್ಕು ಪುಟ್ಟ ಹೆಸರುಗಳ ಬಲದ ಮೇಲೆ. ಉದ್ದದ ಮಾತನ್ನು ಕಳುಹಿಸಿ ನೋಡಿರಲೇ ಇಲ್ಲ. ಈಗ ಕೂತು, ಕನ್ನಡಕ ಸರಿಮಾಡಿಕೊಂಡು, ತನಗೆ ಬಾಯಿಪಾಠವಾಗಿದ್ದ ಸಂಜೆಯ ಪ್ರಾರ್ಥನೆಯನ್ನು ಮೊದಲಿಂದ ಕೊನೆಯವರೆಗೆ ಟೈಪು ಮಾಡಿ ಮರುದನಿಯ ಮೂಲೆಗೆ ಕಳುಹಿಸಿ, ಮರಳಿ ಓದಿದ. ಮೊದಲೆರಡು ಸಾಲು ನೆಟ್ಟಗಿದ್ದವು. ಆಮೇಲೆ ಚುಕ್ಕೆಗಳು, ಸೊಟ್ಟ ಗೆರೆಗಳು, ಯಾವ ಭಾಷೆಗೂ ಸೇರದ ಗುರುತುಗಳು.

"ಲೇ, ಬಾರೇ ಇಲ್ಲಿ, ಕಪಾಟು ತಳ್ಳಬೇಕು!"

ಮೂವರೂ ಹೆಗಲು ಕೊಟ್ಟರು. ದಾರದ ಉಂಡೆಗಳು ತಲೆಯ ಮೇಲೆ ಉದುರಿದವು. "ಕೋಣೆ ಅಗಲ ಮಾಡೋ ಯೋಚನೆ ಇನ್ನೊಂದು ಸಲ ಬಂದ್ರೆ, ರೀ, ಮೊದಲು ನನ್ನನ್ನ ಕೇಳೋಣ ಅನ್ನಿ," ಎಂದು ಹೆಂಡತಿ ಏದುಸಿರು ಬಿಡುತ್ತ ಹೇಳಿದಳು. ಕಪಾಟಿನ ಹಿಂಗಾಲಿನ ಕೆಳಗೆ, ಡಿಸ್ಕು ಪೆಟ್ಟಿಗೆಯಿಂದ ಕಂಪ್ಯೂಟರಿಗೆ ಹೋಗುವ ಅಗಲವಾದ ಚಪ್ಪಟೆ ತಂತಿ ಸಿಕ್ಕಿ ನಜ್ಜುಗುಜ್ಜಾಗಿ ಬಿದ್ದಿತ್ತು. ಪಾಪ, ಅಷ್ಟು ಭಾರ ಹೊತ್ತುಕೊಂಡೇ ಅದು ಪುಟ್ಟ ಮಾತುಗಳನ್ನಾದರೂ ದಾಟಿಸುತ್ತಿತ್ತು.

ಹಳೆಯ ಸಾಮಾನಿನ ಟ್ರಂಕಿನಲ್ಲಿ ಅಂಥದೇ ತಂತಿಯೊಂದನ್ನು ಹುಡುಕಿ ತಂದು ಜೋಡಿಸಿದ. ಪ್ರಾರ್ಥನೆಯನ್ನು ಮತ್ತೆ ಕಳುಹಿಸಿದ. ಕೊನೆಯ ಸಾಲಿನವರೆಗೂ ಹಾಗೆಯೇ ಮರಳಿತು. ಆದರೂ ಬಂತೆಂದು ಕೂಗಲಿಲ್ಲ. ಚಿತ್ರಗಳಿರುವ ಜಾಗವನ್ನು ತೆರೆಯಲೂ ಇಲ್ಲ. ಕುರ್ಚಿ ಬಿಟ್ಟು ಎದ್ದು ನಿಂತ.

"ತಂತಿ ಈಗ ಸರಿಯಾಗಿದೆ ಅಂತ ಮಾತ್ರ ನಾನು ಹೇಳಬಲ್ಲೆ. ಚಿತ್ರ ಇದ್ಯಾ ಇಲ್ವಾ ನೀನೇ ತೆಗೆದು ನೋಡು."

ಸೊಸೆ ಕೂತು ಮೊದಲು ಆನೆಯನ್ನು ತೆರೆದಳು. ಕಿವಿ ಬಂತು, ಸೊಂಡಿಲು ಬಂತು, ನಾಲ್ಕು ಕಾಲೂ ಬಂದವು. ಆಕೆಗೆ ಅಷ್ಟು ಸಾಲಲಿಲ್ಲ. ಆಮೆಯನ್ನು ತೆರೆದು ಚಿಪ್ಪಿನ ಒಂದೊಂದೇ ಚೌಕವನ್ನು ಹಿಗ್ಗಿಸಿ, ಹೊಲಿಗೆಯ ಜಾಡಿನ ಮೇಲೆ ಬೆರಳಿಟ್ಟು ನೋಡಿದಳು. ಗೂಬೆಯ ಕಣ್ಣಿನ ಸುತ್ತ ಒಂದು ಹಳದಿ ಹೊಲಿಗೆ ತಪ್ಪಿತ್ತು.

ಕೇಳೋಣಪ್ಪ ಪರದೆಯತ್ತ ಬಾಗಿದ. "ಹೋಯ್ತಾ ಅದು?"

"ಇಲ್ಲ ಮಾವ. ಅದು ನಾನೇ ತಪ್ಪು ಮಾಡಿದ್ದು. ಸರಿ ಮಾಡಬೇಕು ಅಂತಿದ್ದೆ." ಸೆರಗಿನಲ್ಲಿ ಮುಖ ಒರೆಸಿಕೊಂಡಳು. "ಎಲ್ಲಾ ನನ್ನದೇ. ಎಲ್ಲಾ ಇದೆ."

ಆತ ಗೋಡೆಗೊರಗಿ ಕೈಜೋಡಿಸಿದ. ಯಾರಿಗೆ ಕೈಜೋಡಿಸಿದನೆಂದು ಹೆಂಡತಿ ಕೇಳಲಿಲ್ಲ. ದೇವರಿಗೂ ಇರಬಹುದು, ಸೊಸೆಗೂ ಇರಬಹುದು. ಒಳ್ಳೆಯ ಮನೆಗಳಲ್ಲಿ ಇವೆರಡು ನಮಸ್ಕಾರಗಳು ದೂರದೂರವೇನೂ ಇರುವುದಿಲ್ಲ.

ಅಂದಿನಿಂದ ಕಸೂತಿ ಯಂತ್ರಕ್ಕೆ ಬಿಡುವಿರಲಿಲ್ಲ. ಸೊಸೆ ಹೊಲಿದಳು, ಅತ್ತೆ ದಾರದ ತುದಿಗಳನ್ನು ಕತ್ತರಿಸಿದಳು, ಕೇಳೋಣಪ್ಪ ಪರದೆಯ ಅಂಚನ್ನು ನೆಲಕ್ಕೆ ತಾಗದಂತೆ ಹಿಡಿದು ನಿಂತ. ಮೊದಮೊದಲು ಆಕೆ ಅವನೊಂದಿಗೆ ಬೇಕಾದಷ್ಟೇ ಮಾತಾಡುತ್ತಿದ್ದಳು: ಎತ್ತಿ, ಇಳಿಸಿ, ಸಾಕು. ಆತ ಎತ್ತಿದ, ಇಳಿಸಿದ, ಸಾಕೆಂದಾಗ ನಿಲ್ಲಿಸಿದ. ಆನೆಯ ಎರಡನೆಯ ಕಿವಿಗೆ ಬರುವ ಹೊತ್ತಿಗೆ, "ಮಾವ, ನೀವು ಹಾಡ್ಬೇಡಿ, ಹೊಲಿಗೆ ಸೊಟ್ಟಾಗುತ್ತೆ," ಎಂಬ ಮಾತು ಬಂತು. ಆತನಿಗೆ ಅದು ಕ್ಷಮೆಯಂತೆಯೇ ಕೇಳಿಸಿತು, ಹಾಡು ನಿಲ್ಲಿಸಿದ.

ಪರದೆಗಳು ವಾರ್ಡಿಗೆ ಹೋಗಿ, ಕೊಂಡಿಗಳಿಗೆ ಸಿಕ್ಕಿ ತೂಗಾಡಿದವು. ಅಲ್ಲಿಂದ ಮರಳಿದ ಮಧ್ಯಾಹ್ನ ಸೊಸೆ ತನ್ನ ಚಿತ್ರಗಳನ್ನೆಲ್ಲ ಹೊಸದೊಂದು ಪುಟ್ಟ ಡಿಸ್ಕಿಗೆ ಇಳಿಸಿ, ಬಟ್ಟೆಯ ಚೂರೊಂದರಲ್ಲಿ ಸುತ್ತಿ, ಅಂಚನ್ನು ಹೊಲಿದು ಮಾವನ ಮುಂದೆ ಹಿಡಿದಳು.

"ಇದು ನಮ್ಮಮ್ಮನ ಮನೇಲಿ ಇರ್ಲಿ. ಇನ್ನು ಮೇಲೆ ಒಂದು ಪ್ರತಿ ಅಲ್ಲಿ, ಒಂದು ಇಲ್ಲಿ."

ಅತ್ತೆ ಅಡುಗೆಮನೆಯಿಂದಲೇ ಕೆಣಕಿದಳು. "ಏನೇ, ಈ ಮನೆ ಮೇಲೆ ನಂಬಿಕೆ ಹೋಯ್ತಾ?"

"ನಂಬಿಕೆ ಇಲ್ದಿದ್ರೆ ನಾನೇ ತಗೊಂಡು ಹೋಗ್ತಿದ್ದೆ ಅತ್ತೆ. ಮಾವನ ಕೈಲೇ ಕಳಿಸ್ತಾ ಇಲ್ವಾ?"

ಕೇಳೋಣಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಆ ಪುಟ್ಟ ಗಂಟನ್ನು ಒಳಜೇಬಿನಲ್ಲಿಟ್ಟು, ಜೇಬಿನ ಮೇಲೆ ಕೈಯಿಟ್ಟುಕೊಂಡೇ ಬಸ್ಸು ಹತ್ತಿದ. ದಾರಿಯುದ್ದಕ್ಕೂ ಆ ಕೈಯನ್ನು ತೆಗೆಯಲಿಲ್ಲ. ಟಿಕೆಟ್ಟು ತೆಗೆದುಕೊಳ್ಳಲೂ ಎಡಗೈಯನ್ನೇ ಚಾಚಿ, "ತಪ್ಪು ತಿಳೀಬೇಡಪ್ಪಾ," ಎಂದು ಕಂಡಕ್ಟರನಿಗೆ ವಿನಯದಿಂದ ಹೇಳಿದ.